ಓಡುವ ಒಲೆಯೊಳಗಿನ ಸವೇಲಿ

ಮಾರ್ಚ್ 4, ಸಂಜೆ

ಇವತ್ತೂ ಸಿನಿಮಾದವರಿಗೆ ಗಡ್ಡ ಅಂಟಿಸುವುದೇ ಕೆಲಸ. ಅಂಟು ಚಳಿಗೆ ಕಲ್ಲಾಗಿತ್ತು, ಕಂಕುಳಲ್ಲಿ ಇಟ್ಟುಕೊಂಡು ಕರಗಿಸಿದೆ. ರಾಜನ ಗಡ್ಡ, ಮಂತ್ರಿಯ ಗಡ್ಡ, ಕಾವಲುಗಾರರ ಗಡ್ಡ... ನಾನು ಉಳಿದುಕೊಂಡಿರುವ ಮನೆಯ ಉಸ್ತೀನ್ಯಾ ಅಜ್ಜಿ ನೋಡುತ್ತಾ ನಿಂತಿದ್ದಳು. "ನಮ್ಮೂರಲ್ಲೇ ಬೇಕಾದಷ್ಟು ಗಡ್ಡ ಇದಾವಲ್ಲೇ ರಿಮ್ಮಾ. ಲೆನಿನ್‌ಗ್ರಾಡಿಂದ ಹೊತ್ಕೊಂಡು ಬರ್ಬೇಕಿತ್ತಾ?"

ಮಧ್ಯಾಹ್ನ ಒಲೆ ಓಡಿಸಿದೆವು. ಕಥೆಯ ಸೋಮಾರಿ ಹುಡುಗ ಮನೆ ಬೆಚ್ಚಗಿಡುವ ದೊಡ್ಡ ಒಲೆಯ ಮೇಲೆ ಮಲಗಿಕೊಂಡೇ ಅರಮನೆಗೆ ಹೋಗಬೇಕು. ಹಲಗೆಯ ಒಲೆ, ಒಳಗೆ ಟ್ರ್ಯಾಕ್ಟರ್, ಅದನ್ನು ನಡೆಸುವವನು ಸವೇಲಿ — ಈ ಊರಿನವನೇ, ಹೆಂಡತಿ ಇಲ್ಲ. ಒಳಗಿನಿಂದ ಅವನಿಗೆ ಏನೂ ಕಾಣದು. ಪಕ್ಕದಲ್ಲಿ ನಡೆಯುತ್ತಾ ದಾರಿ ಹೇಳುವವಳು ನಾನು.

"ಎಡಕ್ಕೆ! ಎಡಕ್ಕೆ ಅಂದ್ರೆ ಎಡಕ್ಕೆ ಕಣ್ರೀ!"

ಒಲೆ ಬೇಲಿಗೆ ಗುದ್ದಿತು. ಒಳಗಿಂದ ಶಾಂತ ದನಿ: "ಯಾರ ಎಡ, ರಿಮ್ಮಾ ಪಾವ್ಲೊವ್ನಾ?"

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಮಾರ್ಚ್ 7

ಅಜ್ಜಿಯ ವಿಚಾರಣೆ. "ಸವೇಲಿ ದಿನಾ ಇಲ್ಲಿಗೆ ಸೌದೆ ಒಡೆಯೋಕೆ ಬರ್ತಾನೆ. ಹೋದ ವರ್ಷ ಯಾಕೆ ಬರ್ಲಿಲ್ಲ?"

"ನಿನಗೆ ವಯಸ್ಸಾಯ್ತು ಅಂತ ಕನಿಕರ, ಅಜ್ಜಿ."

"ಹೋದ ವರ್ಷಾನೂ ಆಗಿತ್ತು ಕಣೇ ನನಗೆ ವಯಸ್ಸು!"

ನಾನು ಚಹಾ ಕುಡಿದೆ.

ಮಾರ್ಚ್ 8

ಹೆಂಗಸರ ಹಬ್ಬ. ಸವೇಲಿ ಒಂದು ಸೀಸೆ ಹಣ್ಣಿನ ಮುರಬ್ಬ ತಂದು ಮೇಜಿನ ಮೇಲಿಟ್ಟ. ಗೋಡೆ ನೋಡಿಕೊಂಡು ಶುಭಾಶಯ ಹೇಳಿ ಹೊರಟೇಹೋದ. ಗೋಡೆಗೆ ಖುಷಿಯಾಗಿರಬೇಕು.

ನನಗೆ ಇವನು ಬೇಕು. ಬರೆದೇಬಿಟ್ಟೆ. ಮದುವೆಯ ದೃಶ್ಯ ಮುಗಿದರೆ ಶೂಟಿಂಗ್ ಮುಗಿಯಿತು, ನಾವೆಲ್ಲ ಲೆನಿನ್‌ಗ್ರಾಡಿಗೆ. ಅಷ್ಟರಲ್ಲಿ ಈ ಮಹಾಶಯ ಬಾಯಿ ಬಿಡುತ್ತಾನಾ? ನಾನೇ ಬಿಡಲೆಂದರೆ — ಊಹೂಂ, ಧೈರ್ಯವಿಲ್ಲ.

ಮಾರ್ಚ್ 12

ಮದುವೆಯ ದೃಶ್ಯ!

ಊಟಕ್ಕೆ ಕೂತವರೆಲ್ಲ ಊರಿನವರು. ನಮ್ಮ ಬಣ್ಣದ ರಟ್ಟಿನ ತಿಂಡಿ ಕಂಡು ಅವರಿಗೆ ಅವಮಾನವಾಯಿತಂತೆ. ಮನೆಯಿಂದ ಮೀನಿನ ಕಡುಬು, ಉಪ್ಪಿನಕಾಯಿ, ಸ್ವಂತ ಭಟ್ಟಿಯ ಸಾರಾಯಿ ತಂದುಬಿಟ್ಟರು. ಮೇಜು ತುಂಬಿದ ಮೇಲೆ ಅವರ ಪಾಲಿಗೆ ಅದು ಮದುವೆಯೇ. ಡೈರೆಕ್ಟರ್ ಗ್ಲೇಬ್ ಅರ್ಕಾದ್ಯೆವಿಚ್ 'ಆ್ಯಕ್ಷನ್' ಅಂದದ್ದೇ ತಡ, ಎಲ್ಲರೂ ಲೋಟ ಎತ್ತಿ "ಕಹಿ! ಕಹಿ!" ಎಂದು ಕೂಗಿದರು. ಹಾಗೆ ಕೂಗಿದರೆ ಮದುಮಕ್ಕಳು ಮುತ್ತಿಡಲೇಬೇಕು, ಆಮೇಲೇ ಕುಡಿದದ್ದು ಸಿಹಿಯಾಗುವುದು.

"ಇದು ಸಾವಿರ ವರ್ಷದ ಹಿಂದಿನ ಅರಮನೆ ರೀ! ನಿಮ್ಮ ಫಾರ್ಮ್ ಕ್ಯಾಂಟೀನ್ ಅಲ್ಲ!" ಡೈರೆಕ್ಟರ್ ಕಿರುಚಿದರು.

"ಆಗೇನು ಕೈ ಕುಲುಕಿ ಮದುವೆ ಆಗ್ತಿದ್ರಾ?" ಅಜ್ಜಿ ಕೇಳಿದಳು.

ಡೈರೆಕ್ಟರ್ ತಲೆ ಚಚ್ಚಿಕೊಂಡು ಅವರನ್ನು ಕೂಗಲು ಬಿಟ್ಟರು. ಎರಡನೇ ಟೇಕ್. ಒಲೆ ಬಂತು. ಚಿಮಣಿಯಲ್ಲಿ ಹೋಗಬೇಕಾದ ಹೊಗೆ ಒಳಕ್ಕೆ ತಿರುಗಿ, ಸವೇಲಿ ಕೆಮ್ಮುತ್ತಾ ಕ್ಯಾಮೆರಾ ಮುಂದೆಯೇ ಹೊರಬಿದ್ದ. ಮುಖವೆಲ್ಲ ಮಸಿ. ಟವೆಲ್ ಹಿಡಿದು ಓಡಿದೆ, ಕಣ್ಣು ಒರೆಸಿದೆ, ಬೈದೆ, ಮತ್ತೆ ಒರೆಸಿದೆ. ಆಗ ಅಜ್ಜಿಯ ದನಿ:

"ಕಹಿ!"

ಇಡೀ ಮೇಜು ಎದ್ದು ನಿಂತಿತು. ಕಹಿ! ಕಹಿ! ನಿಜವಾದ ಮದುಮಕ್ಕಳೂ — ಅಂದರೆ ಸುಳ್ಳು ಮದುಮಕ್ಕಳೂ — ಕೂಗುತ್ತಿದ್ದರು.

"ಕ್ಯಾಮೆರಾ ಓಡ್ತಿದೆ," ಅಂದೆ.

"ಓಡ್ಲಿ ಬಿಡಿ," ಅಂದ. ಮುತ್ತಿಟ್ಟ. ನನ್ನ ಮೂಗೂ ಕಪ್ಪಾಯಿತು.

ಮಾರ್ಚ್ 13

ಸವೇಲಿ ಬರಲಿಲ್ಲ. ಸೌದೆ ಹಾಗೇ ಬಿದ್ದಿದೆ. ಕೂಗುವವರ ಬಾಯಿ ಮುಚ್ಚಿಸಲು ಮುತ್ತಿಟ್ಟನೇನೋ... ಪೆಟ್ಟಿಗೆ ಕಟ್ಟಿದೆ. ಗಡ್ಡಗಳನ್ನೂ.

ಮಾರ್ಚ್ 14, ಮಧ್ಯಾಹ್ನ

ಬಸ್ಸು ಬಂತು. ಹೊರಡುವ ಮುನ್ನ, ಪ್ರಯಾಣ ಸುಗಮವಾಗಲೆಂದು, ಪದ್ಧತಿಯಂತೆ ಎಲ್ಲರೂ ಪೆಟ್ಟಿಗೆಗಳ ಮೇಲೆ ಒಂದು ನಿಮಿಷ ಮಾತಿಲ್ಲದೆ ಕೂತೆವು. ಆ ಗಳಿಗೆಯಲ್ಲೇ ಸವೇಲಿ ಏದುಸಿರು ಬಿಡುತ್ತಾ ಒಳನುಗ್ಗಿದ. ಬಾಯಿ ತೆರೆದ. ಅಜ್ಜಿ ಕಣ್ಣಲ್ಲೇ ಗದರಿದಳು. ಬಾಯಿ ಮುಚ್ಚಿಕೊಂಡು ನನ್ನ ಪಕ್ಕ ಕೂತ. ತಲೆಗೂದಲು, ಕೈ, ಬೂಟು, ಎಲ್ಲ ಸುಣ್ಣ. ತಿಂಗಳಿಡೀ ಬಾಯಿ ಬಿಡದವನು, ಮಾತಾಡಬಾರದ ಆ ಒಂದು ನಿಮಿಷದಲ್ಲಿ ಮಾತು ತಡೆಯಲಾರದೆ ಒದ್ದಾಡಿದ.

ಎಲ್ಲರೂ ಎದ್ದರು.

"ರಿಮ್ಮಾ, ನೀನು ಏಳ್ಬೇಡ," ಅಂದ. "ನಿನ್ನೆಯಿಂದ ಮನೆಗೆ ಸುಣ್ಣ ಬಳೀತಿದ್ದೆ."

ಏಳಲಿಲ್ಲ. ಬಾಗಿಲಲ್ಲಿ ಡೈರೆಕ್ಟರ್ ತಿರುಗಿ ನೋಡಿ, "ರಿಮ್ಮಾಗೆ ಒಂದು ತಿಂಗಳು ರಜೆ ಅಂತ ಬರ್ಕೋತೀನಿ," ಅಂದರು. ಬಸ್ಸು ಹೋಯಿತು.

ಇನ್ನೂ ಪೆಟ್ಟಿಗೆಯ ಮೇಲೇ ಕೂತು ಬರೆಯುತ್ತಿದ್ದೇನೆ. ಅದನ್ನು ತನ್ನ ಮನೆಗೆ ಹೊತ್ತೊಯ್ಯಲು ಸವೇಲಿ ಕಾಯುತ್ತಿದ್ದಾನೆ, ಅಜ್ಜಿ ಆಗಲೇ ಊರಿಗೆಲ್ಲ ಸಾರಲು ಓಡಿದಳು, ನಾನಿನ್ನು ಏಳದಿದ್ದರೆ ಪೆಟ್ಟಿಗೆಯ ಜೊತೆ ನನ್ನನ್ನೂ—