ಚಪ್ಪಟೆ ಬೆನ್ನಿನ ಕೋಟು

ಶನಿವಾರ, ೧೪ನೇ ತಾರೀಖು

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದಕ್ಕೆ ಉತ್ತರ ಆರು ದಿನ ತಡವಾಯಿತು. ಕೋಪದಲ್ಲಿ ಬರೆದರೆ ಅಕ್ಷರ ನೆಟ್ಟಗಿರೋಲ್ಲ ಅಂತ ಕಾದೆ. ಈಗಲೂ ನೆಟ್ಟಗಿಲ್ಲ, ನೋಡು.

ಭಾನುವಾರ ಮನೆಯಲ್ಲಿ ಸಿನಿಮಾ ನೋಡಿದ್ದಕ್ಕೆ ತಗಲಿದ ಖರ್ಚು: ರಿಮೋಟು ಒಂದು, ನಾನೇ ಗೋಡೆಗೆ ಎಸೆದೆ. ನಿನ್ನ ಭಾವನ ಜೊತೆ ಮಾತು, ಆರು ದಿನದ್ದು. ಅಂಗಡಿಯಲ್ಲಿ ಕತ್ತರಿ ತಪ್ಪಿ ಹಾಳಾದ ಪ್ಯಾಂಟು ಎರಡು. ಮಿಕ್ಕಿದ್ದು ಕೊನೆಗೆ ಹೇಳ್ತೀನಿ.

ನೀನು ಹೀರೋ ಬದಲು ಬಿದ್ದು ಎದ್ದ ಆ ಹೊಡೆದಾಟದ ಸಿನಿಮಾದ ಎರಡನೇ ಭಾಗ ಬಂದಿದೆ ಅಂತ ಮಕ್ಕಳು ಬೆಳಗ್ಗೆಯಿಂದ ಕುಣಿಯುತ್ತಿದ್ದವು. "ಇದರಲ್ಲಿ ಮಾಮ ಇಲ್ಲ, ಆ ಕೆಲಸ ಬಿಟ್ಟಿದಾನೆ" ಅಂತ ನಾನೇ ಹೆಮ್ಮೆಯಿಂದ ಹೇಳಿದೆ. ನನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದವನಲ್ಲವೇ ನೀನು? ಗೋದಾಮಿನಲ್ಲಿ ಕೆಲಸ, ಕೂರೋಕೆ ಕುರ್ಚಿ, ತಲೆ ಮೇಲೆ ಫ್ಯಾನು ಅಂತೆಲ್ಲ ಬರೆದಿದ್ದೆ. ಹೋದ ವರ್ಷ ಬೆನ್ನು ಮುರಿದುಕೊಂಡಾಗಲೂ "ಗೋದಾಮಿನ ಮೆಟ್ಟಿಲಲ್ಲಿ ಜಾರಿದೆ ಅಕ್ಕ" ಅಂದೆ. ಆ ಮೆಟ್ಟಿಲಿಗೆ ವರ್ಷವಿಡೀ ಶಾಪ ಹಾಕಿದೆ. ಪಾಪ, ಇಲ್ಲದ ಮೆಟ್ಟಿಲು.

ಹೀರೋ ನಾಲ್ಕನೇ ಮಹಡಿಯಿಂದ ಕಾರಿನ ಮೇಲೆ ಬಿದ್ದ. ಮಕ್ಕಳು ಸೀಟಿ ಹೊಡೆದವು. ಬೀಳುವಾಗ ಎಡಗೈ ತಲೆಯ ಹಿಂದಕ್ಕೆ ಹೋಗಿತ್ತು, ಏಳು ವರ್ಷದವನಿದ್ದಾಗ ನೀನು ಕಾಂಪೌಂಡು ಹತ್ತಿ ಬಿದ್ದಾಗ ಹೋಗಿತ್ತಲ್ಲ, ಹಾಗೇ.

"ಅದು ಅವನೇ," ಅಂದೆ.

"ಅಯ್ಯೋ, ಅದೆಲ್ಲ ಕಂಪ್ಯೂಟರಲ್ಲಿ ಮಾಡೋದು ಕಣೇ," ಅಂದರು ನಿನ್ನ ಭಾವ.

"ಕಂಪ್ಯೂಟರಿಗೆ ನನ್ನ ತಮ್ಮನ ಕೈ ಎಲ್ಲಿಂದ ಬಂತುರೀ?"

ಚಿಕ್ಕವಳು "ಇನ್ನೊಂದ್ಸಲ!" ಅಂತ ಹಿಂದಕ್ಕೆ ಓಡಿಸಿದಳು. ನೀನು ಮತ್ತೆ ಬಿದ್ದೆ. ಮತ್ತೆ ಸೀಟಿ. ಮೂರನೇ ಸಲಕ್ಕೆ ಭಾವ ತಲೆ ತಗ್ಗಿಸಿದರು. ಅವರಿಗೆ ಮೊದಲೇ ಗೊತ್ತಿತ್ತಂತೆ! "ಅಕ್ಕನಿಗೆ ಹೇಳಬೇಡಿ ಅಂತ ಕಾಲು ಹಿಡಿದ, ಏನು ಮಾಡಲಿ?" ಅಂತೆ. ರಿಮೋಟು ಹಾರಿದ್ದು ಆಗಲೇ.

ನಾಚಿಕೆಯಾಗಲಿಲ್ಲವೇನೋ ನಿನಗೆ? ಹೊಟ್ಟೆಪಾಡು ಅಂತೀಯ. ನಾನೂ ಒಂದು ಸೂಜಿಯಿಂದ ಅಂಗಡಿ ಕಟ್ಟಿದವಳೇ. ಗಿರಾಕಿಗಳಿಗೆ "ನಾಳೆ ಕೊಡ್ತೀನಿ" ಅಂತ ಸಾವಿರ ಸುಳ್ಳು ಹೇಳಿದೀನಿ, ಒಪ್ಪುತ್ತೀನಿ. ಒಡಹುಟ್ಟಿದವರಿಗೆ ಒಂದೂ ಹೇಳಿಲ್ಲ.

ಬೆನ್ನಿಗೆ ಬೆಲ್ಟು ಕಟ್ಟಿಕೋ, ಭಾರ ಎತ್ತಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಾನು ಬಂದು ಎರಡು ಬಾರಿಸೋವರೆಗಾದರೂ.

ನಿನ್ನ ಅಕ್ಕ

ಮರೆತ ಮಾತು: ಸೋಮವಾರ ಹೊಸ ರಿಮೋಟು ತಂದು ಒಬ್ಬಳೇ ಇನ್ನೊಂದು ಸಲ ನೋಡಿದೆ. ನಿನ್ನನ್ನಲ್ಲ, ಬೀಳುವಾಗ ನಿನ್ನ ಮೈಮೇಲಿದ್ದ ಕೋಟನ್ನು. ಮೊದಲ ಭಾಗದಲ್ಲಿ ನೀನು ಹಾಕಿದ ಕೋಟು ಹೊಲಿದವಳು ನಾನು. ಬೆನ್ನಿನ ಒಳಗೆ ಮೂರು ಪದರ ಸ್ಪಂಜು ಇಟ್ಟಿದ್ದೆ, ಕ್ಯಾಮೆರಾಗೂ ಕಾಣದ ಹಾಗೆ. ಈ ಕೋಟಿನ ಬೆನ್ನು ಚಪ್ಪಟೆ. ನನಗೆ ಗೊತ್ತಾಗಬಾರದು ಅಂತ ಬೇರೆ ಯಾರ ಹತ್ತಿರವೋ ಹೊಲಿಸಿದೀಯ. ನಾನು ಆಣೆ ಹಾಕಿಸದೇ ಇದ್ದಿದ್ದರೆ ಅಳತೆ ಕೊಡೋಕೆ ನೀನು ನನ್ನ ಹತ್ತಿರವೇ ಬರ್ತಿದ್ದೆ.

ಲೆಕ್ಕ ಇಷ್ಟೇ. ಹೀರೋಗೆ ಸೀಟಿ. ಆ ದರ್ಜಿಗೆ ಒಂದು ಕೋಟಿನ ಕೂಲಿ. ನಿನಗೆ ಮುರಿದ ಬೆನ್ನು. ನನಗೆ ಆಣೆ.