ಕೆಳಗಿನ ಮನೆಯ ಬಾಗಿಲು

ನೇತ್ರಾ,

ನಿನ್ನಂಥವಳಿಗೆ ಪತ್ರ ಕಳಿಸುವಷ್ಟು ನಾನಿನ್ನೂ ಗತಿಗೆಟ್ಟಿಲ್ಲ; ಬರೆದು ಹರಿದುಹಾಕುತ್ತೇನೆ. ನೀನಿದ್ದಷ್ಟು ವರ್ಷ ಬಾಡಿಗೆ ಏರಿಸಲಿಲ್ಲ. ಹಲಸಿನ ಹಪ್ಪಳ ಮಾಡಿದರೆ ಮೊದಲು ನಿನಗೇ ಕೊಟ್ಟೆ. ಬಾಡಿಗೆಯವಳೆಂದು ಎಣಿಸದೆ, ಮಗಳ ಮನೆಯೆಂದೇ ಹೊತ್ತುಗೊತ್ತಿಲ್ಲದೆ ಒಳಗೆ ಬಂದೆ. ಮೀನು ಬೇಯುತ್ತಿದೆಯೇನೋ ಎಂದು ಪಾತ್ರೆಯ ಮುಚ್ಚಳ ತೆಗೆದು ನೋಡಿದೆ. ನೀನೋ, ಒಂದು ಮಾತೂ ಹೇಳದೆ ಸಾಗರವನ್ನೇ ಬಿಟ್ಟು ಆನಂದಪುರದಲ್ಲಿ ಮನೆ ಹಿಡಿದೆ.

ಇವತ್ತು ಬೆಳಿಗ್ಗೆ ಹೊಸ ಬಾಡಿಗೆಯವಳು ಸಿಂಚನಾ ಹಾಲು ಉಕ್ಕಿಸಿದಳು. ಎಂದಿನಂತೆ ನೇರ ಅಡುಗೆಮನೆಗೆ ನುಗ್ಗಿದೆ. ಹಾಲಿನ ಲೋಟ ಕೈಗಿಟ್ಟು ನಗುತ್ತಲೇ ಅಂದಳು: "ಅಮ್ಮಾ, ಇನ್ಮೇಲೆ ಬಾಗ್ಲು ಬಡ್ದು ಬನ್ನಿ, ಆಯ್ತಾ?"

ಸಂಜೆ ಹಪ್ಪಳ ಕೊಡಲು ಹೋದಾಗ ಬಾಗಿಲು ಬಡಿದು ಹೊರಗೇ ನಿಂತೆ.

ಇದೊಂದು ಮಾತು ಹೇಳಲು ನಿನಗೆ ಬಾಯಿರಲಿಲ್ಲವೇನೇ?