ಹಿತ್ತಲ ಬಾಗಿಲಿನ ತಟ್ಟೆ

ಅರವಂಕಾಡಿನ ಮೇಲಿನ ಹಟ್ಟಿ
ನವೆಂಬರ್ 18, ಮಂಗಳವಾರ

ಪ್ರೀತಿಯ ಸಂಗೀತಕ್ಕಾ,

ಹೇಗಿದ್ದೀಯಾ? ಮಿಲ್ಲಿನ ಹತ್ತಿ ಧೂಳಿಗೆ ಬಂದ ಕೆಮ್ಮು ಇಳಿಯಿತಾ? ಬಾಯಿಗೆ ಬಟ್ಟೆ ಕಟ್ಟಿಕೋ, ಯಾರು ನಕ್ಕರೂ ನಗಲಿ. ಇಲ್ಲಿ ನಮ್ಮ ಹೆತ್ತೆಯ ಮೊಣಕಾಲು ಪರವಾಗಿಲ್ಲ, ಅಜ್ಜಿಯ ಕಿವಿ ಮಾತ್ರ ಪೂರ್ತಿ ಹೋಯಿತು. "ಹೆತ್ತೆ, ಮಳೆ ಬಂತು" ಅಂದರೆ "ಯಾರ ಮಗಳು ಬಂದ?" ಎಂದು ಕೇಳುತ್ತಾಳೆ. ನಿನ್ನ ಮಗಳು ಜನನಿಗೆ ಮುಂದಿನ ಎರಡು ಹಾಲುಹಲ್ಲು ಬಿದ್ದಿವೆ. ನಕ್ಕರೆ ಥೇಟ್ ಹೆತ್ತೆಯೇ.

ಫೋನಿನಲ್ಲಿ ನಾನು ಬರೀ ಹ್ಞೂಂ ಅನ್ನುತ್ತೇನೆಂದು ಬೈಯುತ್ತೀಯಲ್ಲ. ಭಾನುವಾರ ಜನನಿ ಫೋನಿಗೆ ಕಿವಿ ಅಂಟಿಸಿ ಕೂತಿರುತ್ತಾಳೆ, ಅವಳೆದುರು ಇದನ್ನು ಹೇಳಲಾಗದು. ನಿನ್ನೆ ನಿಮ್ಮ ಹಾಸ್ಟೆಲಿಗೇ ಫೋನ್ ಮಾಡಿದೆ. ವಾರ್ಡನ್ ಏನು ವಿಷಯ ಅಂದ ಕೂಡಲೇ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಮಾದನ್ ಮಾಮ ಕ್ಯಾರೆಟ್ ಲಾರಿಯಲ್ಲಿ ಕೊಯಮತ್ತೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲೇ ಕೊಡುತ್ತೇನೆ.

ನಾನು ಟೀ ಎಲೆ ತೂಕಕ್ಕೆ ಹಾಕಿ ಮನೆ ಸೇರುವಷ್ಟರಲ್ಲಿ ಆರೂಕಾಲು ಆಗುತ್ತದೆ. ಅಲ್ಲಿಯವರೆಗೆ ಜನನಿ ಹೆತ್ತೆಯ ಪಕ್ಕ ಕೂತು ಒಂದು ಜಪಾನ್ ಕಾರ್ಟೂನ್ ನೋಡುತ್ತಾಳೆ. ಎಲ್ಲರೂ ತಮಿಳು ಮಾತಾಡುತ್ತಾರೆ. ಅದರಲ್ಲಿ ಒಬ್ಬಳು ಗಿಡ್ಡ ಅಮ್ಮ, ಜುಟ್ಟಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾಳೆ. ಗಂಡ, ಮಕ್ಕಳು, ಬೆಕ್ಕು, ಎಲ್ಲರನ್ನೂ ಪೊರಕೆ ಹಿಡಿದು ಹಿಂಬಾಗಿಲಿಂದ ಓಡಿಸುತ್ತಾಳೆ. ಕೊನೆಗೆ ಮಾತ್ರ ಯಾರಿಗೂ ಕಾಣದ ಹಾಗೆ ಅಗುಳಿ ತೆಗೆದು, ಹೊಸಿಲ ಮೇಲೆ ಒಂದು ತಟ್ಟೆ ಊಟ ಇಟ್ಟು, ಮುಖ ತಿರುಗಿಸಿಕೊಂಡು ನಿಲ್ಲುತ್ತಾಳೆ. ಹೊರಗಿದ್ದವರು ಬಂದೇ ಬರುತ್ತಾರೆ. ನನಗೂ ಅವಳು ಇಷ್ಟ ಅಕ್ಕಾ. ಬೈಯುವಾಗ ನೀನೇ.

ಜನನಿಯೂ ತಟ್ಟೆ ಇಡುತ್ತಿದ್ದಾಳೆ. ರಾಗಿ ಹಿಟ್ಟಿನ ಮುದ್ದೆಗೆ ತುಪ್ಪ, ಮೇಲೆ ಬೆಲ್ಲ. ನಿನಗೆ. ಬೆಳಿಗ್ಗೆ ತಟ್ಟೆ ಖಾಲಿ. ನಾಯಿ ತಿಂದಿರಬೇಕು ಎಂದುಕೊಂಡು ನಾನು ಸುಮ್ಮನಿದ್ದೆ, ಅದೇ ತಪ್ಪಾಯಿತು. ಶುಕ್ರವಾರ ಮಳೆ ಬಿಟ್ಟ ಮೇಲೆ ಅವಳು ಹಿತ್ತಲಿಂದ ನನ್ನನ್ನು ಕೂಗಿದಳು: "ಕುನ್ನವ್ವೆ, ಓಡಿ ಬಾ! ಅವ್ವೆ ಬಂದು ಹೋಗಿದ!" ಕೆಸರಿನಲ್ಲಿ ಬರಿಗಾಲಿನ ಗುರುತು. ಹಿಮ್ಮಡಿ, ಐದು ಬೆರಳು, ಹೆಂಗಸಿನ ಪಾದದಷ್ಟೇ ಉದ್ದ. ಜನನಿ ಅದರೊಳಗೆ ತನ್ನ ಪುಟ್ಟ ಕಾಲಿಟ್ಟು ನಗುತ್ತಿದ್ದಳು. ಆಮೇಲೆ ಬೆರಳುಗಳ ಮುಂದೆ, ಮೂರು-ನಾಲ್ಕು ಬೆರಳಗಲ ದೂರದಲ್ಲಿ, ಮಣ್ಣು ಬಗೆದ ಐದು ಗೀರು ತೋರಿಸಿ, "ಪಾಪ, ಅವ್ವೆಗೆ ಉಗುರು ಕತ್ತರಿಸಕ್ಕೂ ಪುರುಸೊತ್ತಿಲ್ಲ" ಅಂದಳು.

ಕೆಳಗಿನ ಹಟ್ಟಿಯಲ್ಲಿ ಗುಡಿಯ ಬಾಗಿಲು ಮುರಿದು ದೀಪದ ಎಣ್ಣೆ ಕುಡಿದ ಕರಡಿ ಇದೇ ಇರಬೇಕು. ಮೊದಲು ನಡುರಾತ್ರಿ ಬರುತ್ತಿತ್ತಂತೆ, ಈಗ ದೀಪ ಹಚ್ಚುವ ಹೊತ್ತಿಗೇ ಬರುತ್ತದೆ. ನಿನ್ನೆ ನಾನು ಬಂದಾಗ ಬಾಗಿಲ ಹಲಗೆ ಬಿಸಿಯುಸಿರಿಗೆ ಒದ್ದೆಯಾಗಿತ್ತು. ಹೆತ್ತೆಗೆ ಏನೂ ಕೇಳಿಸಿಲ್ಲ. ಜನನಿಗೆ ಕೇಳಿಸಿದೆ. "ಅವ್ವೆ ಹೊರಗೆ ಉಸ್ ಉಸ್ ಅಂತ ಕೆಮ್ಮುತ್ತಿದ" ಅಂದಳು. ನಿನ್ನ ಕೆಮ್ಮಿನ ವಿಷಯ ಅವಳಿಗೆ ಹೇಳಿದವಳು ನಾನೇ.

ಅದು ಕರಡಿ ಅನ್ನಲು ಬಾಯಿ ತೆರೆದೆ ಅಕ್ಕಾ. ಹಾಗಾದರೆ ಅವ್ವೆ ಒಂದು ಸಲವೂ ಬಂದಿಲ್ಲವಾ ಎಂದು ಕೇಳಿದರೆ ಏನು ಹೇಳಲಿ? ಆ ಮಾತು ನೀನೇ ಹೇಳಬೇಕು. ನೀನು ಬೇಡ ಅಂದರೆ ಮಾತ್ರ ಅವಳು ಬಾಗಿಲು ತೆಗೆಯುವುದನ್ನು ಬಿಡುತ್ತಾಳೆ.

ಹೆತ್ತೆ ನಿನ್ನ ತಲೆಯ ಮೇಲೆ ಕೈಯಿಟ್ಟಳು ಎಂದುಕೋ. ಬಿಸಿನೀರು ಕುಡಿ.

ನಿನ್ನ ತಂಗಿ,
ಭುವನಾ

ತಾ.ಕ.: ಲಾರಿ ಹಾರನ್ ಹೊಡೆಯುತ್ತಿದೆ. ಅಗುಳಿಗೆ ಎತ್ತರದಲ್ಲಿ ಹಗ್ಗ ಬಿಗಿದಿದ್ದೆ. ಈಗ ನೋಡಿದರೆ ಬಾಗಿಲ ಬಳಿ ಸ್ಟೂಲ್ ಇದೆ, ಜನನಿ ಹಗ್ಗ ಬಿಚ್ಚಿದ್ದಾಳೆ. ಹೊಸಿಲ ಮೇಲೆ ತಟ್ಟೆ ಇಲ್ಲ. ಕೇಳಿದರೆ "ಹೊರಗೆ ಚಳಿ ಕುನ್ನವ್ವೆ, ಅವ್ವೆ ಇಂದು ಒಳಗೇ ಕೂತು ಉಣ್ಣಲಿ" ಅಂದಳು. ತಟ್ಟೆ ಅವಳ ಹಾಸಿಗೆಯ ಪಕ್ಕದಲ್ಲಿದೆ. ಇವತ್ತು ಮಳೆ, ನಾನು ಮನೆಯಲ್ಲಿದ್ದೇನೆ. ನಾಳೆಯೂ ಇರುತ್ತೇನೆ, ನಾಳಿದ್ದು ಎಲೆಗೆ ಹೋಗಲೇಬೇಕು. ಫೋನ್ ಬೇಡ, ಕಾಗದ ಬೇಡ. ಲಾರಿ ನಾಳೆ ವಾಪಸ್ ಬರುತ್ತದೆ, ಅದರಲ್ಲೇ ಬಾ. ಬಂದರೆ ಮುಂಬಾಗಿಲಿಂದ ಬಾ.